ಭಾನುವಾರದ ಉಷ್ಣಾಂಶ

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಗೂಡ್ಸ್ ಆಟೋಗಳಿಗೆ ಬ್ರೇಕ್ ಪೆಡಲ್ ಜೋಡಿಸಿ ಕಳಿಸುವ ಕಾರ್ಖಾನೆಯೊಂದರಲ್ಲಿ ನಾನು ಸಪ್ಲೈಯರ್ ಕ್ವಾಲಿಟಿ ವಿಭಾಗದಲ್ಲಿದ್ದೆ. ನಮಗೆ ಬಿಡಿಭಾಗ ಕೊಡುವ ಸಣ್ಣಪುಟ್ಟ ಶಾಪುಗಳಿಗೆ ಹೋಗಿ, ರಿಜಿಸ್ಟರು ತಿರುವಿ, ಯಂತ್ರ ನೋಡಿ, ತಪ್ಪು ಹುಡುಕಿ ಬರೆಯುವುದು ನನ್ನ ಕೆಲಸ. ಆ ಕೆಲಸಕ್ಕೆ ಬೇಕಾದ ಬುದ್ಧಿ ನನಗೆ ಮನೆಯಿಂದಲೇ ಬಂದಿತ್ತು. ಲಕ್ಕೂರಿನ ಹತ್ತಿರದ ನಮ್ಮೂರಿನಲ್ಲಿ ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ಮಾರ್ಕೆಟ್ಟಿಗೆ ಹೊರಡುವ ಮುಂಚೆ ಜೊಳ್ಳು ಗೂಡನ್ನೆಲ್ಲ ಚೀಲದ ಅಡಿಗೆ ತಳ್ಳಿ, ಗಟ್ಟಿ ಗೂಡನ್ನು ಮೇಲೆ ಹರಡುತ್ತಿದ್ದವರು ಅವರೇ. ದೇವರಂಥ ಮನುಷ್ಯ ಎಂದು ಊರೆಲ್ಲ ಹೇಳುತ್ತಿದ್ದ ನಮ್ಮಪ್ಪನೇ ಹೀಗಾದರೆ ಉಳಿದವರು ಹೇಗೋ ಎಂದು ನಾನು ಚಿಕ್ಕಂದಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ನಮ್ಮ ಸಪ್ಲೈಯರುಗಳೆಲ್ಲ ವರ್ಷಕ್ಕೊಮ್ಮೆ ಕಂಪನಿಯ ನೀತಿ ಸಂಹಿತೆಗೆ ಸಹಿ ಹಾಕಿ ಕಳಿಸಬೇಕು. ಮೂವತ್ತೆಂಟು ಪುಟದ ಪುಸ್ತಕ ಅದು. ಲಂಚ ಕೊಡಬೇಡಿ, ಮಕ್ಕಳನ್ನು ದುಡಿಸಬೇಡಿ, ಜಾತಿ ಧರ್ಮ ನೋಡಬೇಡಿ, ಹೊಗೆ ಬಿಡಬೇಡಿ, ಹೀಗೆ ಸಾಗುತ್ತದೆ. ಯಾರೂ ಓದುವುದಿಲ್ಲ. ಕೊನೆಯ ಪುಟಕ್ಕೆ ಸೀಲು ಒತ್ತಿ, ಅದೇ ದಿನ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಆ ವರ್ಷ ಎಲ್ಲರದೂ ಬಂತು, ಮಾಲೂರಿನ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪಿನದು ಮಾತ್ರ ಬರಲಿಲ್ಲ. ಬದಲಿಗೆ ಕೈಬರಹದ ಒಂದು ಹಾಳೆ ಬಂತು. ಮೇಲೆ ‘ನಮ್ಮ ಶಾಪಿನ ನಿಯಮ’ ಎಂದಿತ್ತು, ಕೆಳಗೆ ಹನ್ನೊಂದು ಸಾಲು. ಪ್ರತಿ ಸಾಲಿನ ಪಕ್ಕದಲ್ಲೂ ಕ್ರೈಸ್ತರ ಧರ್ಮಗ್ರಂಥದ ಅಧ್ಯಾಯ, ವಾಕ್ಯದ ಸಂಖ್ಯೆ. ಜೊತೆಗೆ ಮಾಲೀಕರ ಚೀಟಿ: ‘ನಿಮ್ಮ ಪುಸ್ತಕದ ಒಂದು ಕಲಮಿಗೆ ಸಹಿ ಹಾಕಲು ಮನಸ್ಸಾಕ್ಷಿ ಒಪ್ಪುತ್ತಿಲ್ಲ. ನಮ್ಮ ನಿಯಮವನ್ನು ಲಗತ್ತಿಸಿದ್ದೇನೆ.’

ನಮ್ಮ ಮ್ಯಾನೇಜರು ಅದನ್ನು ಎರಡು ಸಲ ಓದಿ ನಕ್ಕರು.

“ಯಾವ ಕಲಮಂತೆ? ಲಂಚಾನಾ, ಓವರ್‌ಟೈಮಾ?”

“ಹೇಳಿಲ್ಲ ಸಾರ್.”

“ಹೇಳಲ್ಲ ಅಂದ್ರೆ ಏನೋ ಇದೆ ಅಂತ. ನೋಡ್ಬನ್ನಿ.”

ನನಗೂ ಹಾಗೇ ಅನ್ನಿಸಿತು. ಓದದೆ ಸಹಿ ಹಾಕುವವರ ನಡುವೆ ಒಬ್ಬ ಓದಿ ಹಾಕದೆ ಕೂತಿದ್ದಾನೆಂದರೆ ಅವನಿಗೆ ಎಲ್ಲೋ ಚುಚ್ಚುತ್ತಿದೆ ಎಂದೇ ಅರ್ಥ. ಸಪ್ಲೈಯರು ತನ್ನದೇ ನಿಯಮ ಕೊಡಬಹುದು ಎಂದು ನಮ್ಮ ಪುಸ್ತಕದ ಕೊನೆಯಲ್ಲಿ ಒಂದು ಅವಕಾಶ ಇತ್ತು. ಆದರೆ ಅದು ನಮ್ಮದಕ್ಕೆ ಸಮನಾಗಿದೆ ಎಂದು ಆಡಿಟರ್ ಹೋಲಿಸಿ ನೋಡಿ ಬರೆಯಬೇಕು. ಎಡಗಡೆ ನಮ್ಮ ಕಲಮು, ಬಲಗಡೆ ಅವರ ನಿಯಮ, ಕೊನೆಯಲ್ಲಿ ‘ಸಮಾನವೇ? ಹೌದು, ಇಲ್ಲ’. ಆ ಕೋಷ್ಟಕ ಹಿಡಿದು ಮಾಲೂರಿಗೆ ಹೊರಟೆ.

ಹಿಂದೆ ಒಂದೆರಡು ಸಲ ಮಾಲು ನೋಡಿ ಬಂದಿದ್ದೆ, ರಿಜಿಸ್ಟರು ತಿರುವಿರಲಿಲ್ಲ. ಶಾಪು ಸಣ್ಣದು, ಇಪ್ಪತ್ತೆರಡು ಜನ. ನಮ್ಮ ಪೆಡಲು ತಿರುಗುವ ಉಕ್ಕಿನ ಪಿನ್ನುಗಳನ್ನು ಅಲ್ಲಿ ಗಟ್ಟಿ ಮಾಡುತ್ತಿದ್ದರು. ಪಿನ್ನನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಗೆ ಇಳಿಸುತ್ತಾರೆ. ಆಗ ಅದು ಗಟ್ಟಿಯೇನೋ ಆಗುತ್ತದೆ, ಆದರೆ ಗಾಜಿನ ಹಾಗೆ ಪೆಡಸು. ಆ ಪೆಡಸು ಹೋಗಲು ಎರಡು ಗಂಟೆಯೊಳಗೆ ಇನ್ನೊಂದು ಕುಲುಮೆಯಲ್ಲಿ ನೂರ ಎಂಬತ್ತು ಡಿಗ್ರಿ ಸುಮಾರಿನ ಶಾಖದಲ್ಲಿ ಮತ್ತೆ ಕಾಯಿಸಬೇಕು. ಇದಕ್ಕೆ ಟೆಂಪರಿಂಗ್ ಎನ್ನುತ್ತಾರೆ. ತಡವಾದರೆ ಪಿನ್ನು ಒಳಗೊಳಗೇ ಬಿರುಕು ಬಿಡಬಹುದು. ಬ್ರೇಕಿನ ಪಿನ್ನು ಬಿರುಕು ಬಿಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಶಾಪಿಗೆ ನಮ್ಮನ್ನು ಬಿಟ್ಟು ಬೇರೆ ದೊಡ್ಡ ಗಿರಾಕಿ ಇರಲಿಲ್ಲ. ಕೋಷ್ಟಕದಲ್ಲಿ ನಾನು ‘ಇಲ್ಲ’ ಎಂದು ಬರೆದರೆ ಕುಲುಮೆ ಆರುತ್ತದೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮಾಲೀಕರು ಅರವತ್ತರ ಆಸುಪಾಸಿನವರು, ಕೋಲಾರದ ಹಳೆಯ ಕ್ರೈಸ್ತ ಮನೆತನ. ಅವರ ಮೇಜಿನ ಹಿಂದೆ ಶಿಲುಬೆ, ಅದರ ಕೆಳಗೆ ಸುಳ್ಳು ತೂಕದ ಬಗ್ಗೆ ಒಂದು ವಾಕ್ಯ, ಕಟ್ಟು ಹಾಕಿಸಿದ್ದು. ಅದನ್ನು ನೋಡುತ್ತಲೇ ನನ್ನ ಮೂಗು ಚುರುಕಾಯಿತು. ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ ಎನ್ನುವ ಮಾತು ಬರೀ ನಮ್ಮವರಿಗೆ ಮಾತ್ರವೇ?

“ಯಾವ ಕಲಮು ಸಾರ್?” ನೇರವಾಗಿ ಕೇಳಿದೆ.

“ಮೊದ್ಲು ನೀವು ನೋಡಿ ಮೇಡಂ. ಆಮೇಲೆ ಹೇಳ್ತೀನಿ.”

“ಈಗ್ಲೇ ಹೇಳಿದ್ರೆ ನಂಗೂ ಕೆಲ್ಸ ಹಗುರ.”

“ಹಗುರ ಆಗಲ್ಲ ಮೇಡಂ,” ಎಂದು ಕಾಫಿ ಲೋಟವನ್ನು ನನ್ನ ಕಡೆ ಸರಿಸಿದರು.

ಅವರ ಹನ್ನೊಂದು ಸಾಲು ಹಿಡಿದು ಕೂತೆ. ‘ನಮ್ಮ ಮಾಲು ಕಣ್ಣಿಲ್ಲದವನ ಕೈಗೆ ಹೋದರೂ ಸರಿಯಾಗಿರಬೇಕು.’ ‘ಕೊಟ್ಟ ಮಾತು ನಷ್ಟವಾದರೂ ನಡೆಸಬೇಕು.’ ‘ವಾರದಲ್ಲಿ ಒಂದು ದಿನ ಕುಲುಮೆಗೂ ಆಳಿಗೂ ವಿಶ್ರಾಂತಿ.’ ‘ತಪ್ಪು ಮಾಡಿದ್ದರೆ ಅವರು ಕೇಳುವ ಮುಂಚೆ ನಾವೇ ಹೋಗಿ ಹೇಳಬೇಕು.’ ಓದಲು ಚೆನ್ನಾಗಿಯೇ ಇತ್ತು. ಓದಲು ಚೆನ್ನಾಗಿರುವುದನ್ನು ಕಂಡರೆ ನನಗೆ ಇನ್ನಷ್ಟು ಅನುಮಾನ. ನಮ್ಮ ಪುಸ್ತಕದಲ್ಲಿ ಇರುವುದು ಇದರಲ್ಲಿ ಇದೆಯೇ ಎಂದು ಹುಡುಕಿದೆ. ಕೆಲಸಗಾರನಿಗೆ ಮಾಲೀಕನ ಮೇಲೆಯೇ ದೂರಿದ್ದರೆ ಯಾರ ಹತ್ತಿರ ಹೋಗಬೇಕು? ನಮ್ಮಲ್ಲಿ ಒಂದು ಫೋನ್ ನಂಬರ್ ಇದೆ, ಹೆಸರು ಹೇಳದೆ ದೂರಬಹುದು. ಅವರ ಹಾಳೆಯಲ್ಲಿ ಮಾಲೀಕ ದೇವರಿಗೆ ಉತ್ತರ ಕೊಡಬೇಕು ಎಂದಿತ್ತು. ದೇವರಿಗೆ ಕೆಲಸಗಾರ ಫೋನ್ ಮಾಡುವುದು ಹೇಗೆ? ‘ಸಮಾನವಲ್ಲ’ ಎಂದು ಬರೆದೆ. ಧರ್ಮದ ಕಾರಣಕ್ಕೆ ಭೇದ ಮಾಡಬಾರದು ಎಂಬ ಮಾತೂ ಅಲ್ಲಿರಲಿಲ್ಲ. ಸೋಮವಾರ ಬೆಳಿಗ್ಗೆ ಇಲ್ಲಿ ಪ್ರಾರ್ಥನೆ ಮಾಡುತ್ತಾರೆ ಎಂದು ಕೇಳಿದ್ದೆ, ಆದ್ದರಿಂದ ಗಟ್ಟಿತನ ಅಳೆಯುವ ಯಂತ್ರದ ಹತ್ತಿರ ಕೂತಿದ್ದ ಹೆಂಗಸನ್ನು ಮೆಲ್ಲಗೆ ವಿಚಾರಿಸಿದೆ. ಮುಳಬಾಗಿಲು ಕಡೆಯವಳು, ಹಣೆ ತುಂಬ ಕುಂಕುಮ. ಯಂತ್ರದ ಮೇಲೂ ಆಯುಧಪೂಜೆಯ ಕುಂಕುಮ ಇನ್ನೂ ಉಳಿದಿತ್ತು.

“ಪ್ರಾರ್ಥನೆಗೆ ನಿಂತ್ಕೊಳ್ಳಲೇಬೇಕಾ ಅಮ್ಮ?”

“ಯಾರು ಹಂಗಂದ್ರು? ಇಷ್ಟ ಇದ್ದೋರು ನಿಂತ್ಕೋತಾರೆ. ನಾನು ನಿಂತ್ಕೋತೀನಿ.”

“ಯಾಕೆ?”

“ಬನ್ನು ಕೊಡ್ತಾರೆ ಮೇಡಂ,” ಎಂದು ಕಿಸಕ್ಕನೆ ನಕ್ಕಳು. “ನಿಂತ್ಕೊಳ್ದೇ ಇದ್ರೂ ಕೊಡ್ತಾರೆ. ಆದ್ರೂ ಒಂಥರಾ ಮುಲಾಜು.”

ಆ ಮುಲಾಜು ಎಂಬ ಮಾತನ್ನು ನಾನು ಗುರುತು ಹಾಕಿಕೊಂಡೆ. ಒತ್ತಾಯ ಇಲ್ಲದ ಕಡೆಯೂ ಮುಲಾಜು ಇರುತ್ತದೆ, ಅದು ಯಾವ ಕೋಷ್ಟಕದಲ್ಲೂ ಹಿಡಿಯುವುದಿಲ್ಲ.

ಮಧ್ಯಾಹ್ನದ ಮೇಲೆ ಉಷ್ಣಾಂಶದ ರಿಜಿಸ್ಟರು ತೆಗೆದೆ. ಟೆಂಪರಿಂಗ್ ಕುಲುಮೆಯ ಶಾಖವನ್ನು ಗಂಟೆಗೊಮ್ಮೆ ಬರೆಯಬೇಕು, ಅದನ್ನೇ ನಮ್ಮ ಪೋರ್ಟಲ್ಲಿಗೂ ಏರಿಸಬೇಕು. ಸೋಮವಾರ, ಮಂಗಳವಾರ, ಎಲ್ಲ ಸರಿ. ಭಾನುವಾರದ ಸಾಲಿಗೆ ಬಂದಾಗ ಬೆರಳು ನಿಂತಿತು. ಭಾನುವಾರವೂ ಶಾಖ ಬರೆದಿದ್ದರು. ಹಿಂದಿನ ಭಾನುವಾರ, ಅದರ ಹಿಂದಿನ ಭಾನುವಾರ, ತಿಂಗಳುಗಟ್ಟಲೆ. ವಾರಕ್ಕೊಂದು ದಿನ ವಿಶ್ರಾಂತಿ ಎಂದು ಹಾಳೆಯಲ್ಲಿ ಬರೆದು ಕೊಟ್ಟವರ ಕುಲುಮೆ ಭಾನುವಾರ ಉರಿಯುತ್ತಿದೆ! ಸಿಕ್ಕಿದರು ಎಂದುಕೊಂಡೆ. ಯಜಮಾನರು ಆರಾಧನೆಗೆ ಹೋಗಿ ಹಾಡುತ್ತಿರುವಾಗ ಇಲ್ಲಿ ಹಿಂಬಾಗಿಲಿನಿಂದ ಕೆಲಸ ನಡೆಯುತ್ತಿದೆ, ವಾರದ ರಜೆಯ ಕಲಮಿಗೇ ಇವರಿಗೆ ಸಹಿ ಹಾಕಲಾಗುತ್ತಿಲ್ಲ. ಖುಷಿಯಾಯಿತು ಎಂದು ಹೇಳಿಕೊಳ್ಳಲು ನಾಚಿಕೆ, ಆದರೆ ಖುಷಿಯಾದದ್ದು ನಿಜ. ಯಾರಿಗೂ ಏನೂ ಹೇಳದೆ ರಿಜಿಸ್ಟರು ಮುಚ್ಚಿಟ್ಟು ಬಂದೆ.

ಮುಂದಿನ ಭಾನುವಾರ ಅಪ್ಪ ಅಮ್ಮನನ್ನು ನೋಡಲು ಊರಿಗೆ ಹೋದವಳು, ಬೆಳಿಗ್ಗೆ ತಿಂಡಿ ಮುಗಿಸಿ ಸ್ಕೂಟರಿನಲ್ಲಿ ಸೀದಾ ಮಾಲೂರಿಗೆ ಹೋದೆ. ಗೇಟಿಗೆ ಬೀಗ. ಚಿಮಣಿಯಲ್ಲಿ ಹೊಗೆಯಿಲ್ಲ. ನೆರಳಲ್ಲಿ ಕೂತಿದ್ದ ಮುದುಕ ವಾಚ್‌ಮನ್ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ.

“ಇವತ್ತು ಕೆಲ್ಸ ಇಲ್ವಾ ತಾತ?”

“ಬಾನುವಾರ ಇಲ್ಲಿ ನೊಣಾನೂ ಇರಲ್ಲ ಕಣಮ್ಮ. ನಾಳೆ ಬಾ.”

ಹೇಳಿಕೊಟ್ಟ ಮಾತಿರಬಹುದು ಎಂದು ನಾನು ಅಷ್ಟಕ್ಕೆ ಬಿಡಲಿಲ್ಲ. ಕರೆಂಟಿನ ಮೀಟರು ಕಾಂಪೌಂಡಿನ ಹೊರಗಡೆಯ ಪೆಟ್ಟಿಗೆಯಲ್ಲಿತ್ತು. ಕುಲುಮೆ ಉರಿಯುತ್ತಿದ್ದರೆ ಅದರ ಕೆಂಪು ದೀಪ ಪಟಪಟನೆ ಮಿನುಗಬೇಕು. ಹತ್ತು ನಿಮಿಷ ಬಿಸಿಲಲ್ಲಿ ನಿಂತು ನೋಡಿದೆ. ದೀಪ ಎರಡೇ ಸಲ ಮಿನುಗಿತು. ಅದು ವಾಚ್‌ಮನ್‌ನ ಫ್ಯಾನಿನದು. ಕುಲುಮೆ ಆರಿತ್ತು. ಹಾಗಾದರೆ ಸುಳ್ಳು ಕುಲುಮೆಯಲ್ಲಿಲ್ಲ, ರಿಜಿಸ್ಟರಿನಲ್ಲಿದೆ.

ಸೋಮವಾರ ಮತ್ತೆ ಹೋದೆ. ಈ ಸಲ ಶನಿವಾರದ ಸಾಲನ್ನೂ ಭಾನುವಾರದ ಸಾಲನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ನೂರ ಎಂಬತ್ತೆರಡು, ನೂರ ಎಂಬತ್ತನಾಲ್ಕು, ನೂರ ಎಂಬತ್ತೊಂದು. ಒಂದು ಅಂಕಿಯೂ ವ್ಯತ್ಯಾಸವಿಲ್ಲ. ಸೂಪರ್‌ವೈಸರನ್ನು ಕರೆದೆ. ರಾಯಲ್ಪಾಡು ಕಡೆಯವರು, ಗಾಬರಿಯಾದರೆ ತೆಲುಗು ಬಾಯಿಗೆ ಬರುತ್ತಿತ್ತು.

“ಇದೇನಿದು? ಶನಿವಾರದ್ದನ್ನ ಕಾಪಿ ಹೊಡೆದಿದ್ದೀರಿ.”

“ಅವುನು ಮೇಡಂ.”

“ಅವುನು ಅಂದ್ರೆ? ಸುಳ್ಳು ದಾಖಲೆ ಅಂತ ಒಪ್ಕೋತೀರಾ?”

“ಮೀರೇ ಚೆಪ್ಪಾರು ಕದಾ...” ಎಂದು ನಾಲಿಗೆ ಕಚ್ಚಿಕೊಂಡು, “ನೀವೇ ಹೇಳಿದ್ದಲ್ವಾ ಮೇಡಂ?” ಎಂದರು.

ಕೋಪ ಬಂತು. ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುವುದು. ಅವರು ಫೈಲಿನ ಹಿಂದಿನಿಂದ ಒಂದು ಪ್ರಿಂಟು ತೆಗೆದರು. ವಾಟ್ಸಾಪ್ ಸಂದೇಶದ ಪ್ರಿಂಟು. ‘ಗಿರಾಕಿಯ ಸೂಚನೆ’ ಎಂದು ಮೇಲೆ ಬರೆದು, ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನ ಮಾಡಿದ್ದರು. ಒಂದು ವರ್ಷದ ಹಿಂದೆ, ಪೋರ್ಟಲ್ ಹೊಸದಾಗಿ ಬಂದ ತಿಂಗಳಲ್ಲಿ, ಅವರು ಕೇಳಿದ್ದರು: ‘ಮೇಡಂ, ಭಾನುವಾರ ಕುಲುಮೆ ಆಫ್. ಖಾಲಿ ಬಿಟ್ಟರೆ ಪೋರ್ಟಲ್ ತಗೊಳ್ತಿಲ್ಲ. ಸೊನ್ನೆ ಹಾಕಿದರೆ ಕೆಂಪು ತೋರಿಸ್ತದೆ. ಏನು ಮಾಡಲಿ?’ ಕೆಳಗೆ ನನ್ನ ಉತ್ತರ. ‘ಖಾಲಿ ಬಿಡಬೇಡಿ. ಶನಿವಾರದ್ದೇ ಹಾಕಿ.’ ಪಕ್ಕದಲ್ಲಿ ನಾನು ಒತ್ತಿದ ಹೆಬ್ಬೆರಳಿನ ಚಿತ್ರ.

ಬರೆದದ್ದು ನೆನಪಿಗೇ ಬರಲಿಲ್ಲ. ಆ ದಿನಗಳಲ್ಲಿ ಇಂಥ ಐವತ್ತು ಪ್ರಶ್ನೆ ಬರುತ್ತಿದ್ದವು, ಊಟದ ನಡುವೆ ಉತ್ತರಿಸಿರಬೇಕು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬೇಲಿಗೆ ಮೇಯ್ದದ್ದು ನೆನಪೂ ಇರಲಿಲ್ಲ. ಪ್ರಿಂಟು ಹಿಡಿದುಕೊಂಡು ಮಾಲೀಕರ ಕೋಣೆಗೆ ಹೋದೆ.

“ಹದಿನೇಳನೇ ಕಲಮು,” ಎಂದರು ಅವರು, ನಾನು ಕೇಳುವ ಮುಂಚೆಯೇ. “ನಾವು ಒಪ್ಪಿಸಿದ ದಾಖಲೆಯೆಲ್ಲಾ ನಿಜ ಅಂತ ಸಹಿ ಹಾಕ್ಬೇಕಲ್ಲ ಮೇಡಂ. ನಿಜ ಅಲ್ವಲ್ಲ.”

“ಹಾಗಂತ ಚೀಟಿಯಲ್ಲಿ ಬರೀಬಹುದಾಗಿತ್ತು.”

“ಬರೆದ್ರೆ ನಿಮ್ಮ ಹೆಸರು ಬರೀಬೇಕಾಗ್ತಿತ್ತು. ನಮ್ಮಲ್ಲಿ, ಒಬ್ರ ತಪ್ಪಿದ್ರೆ ಮೊದ್ಲು ಅವರ ಹತ್ರಾನೇ ಒಂಟಿಯಾಗಿ ಹೇಳ್ಬೇಕು ಅಂತ.”

“ಮತ್ತೆ ನನ್ನ ಹತ್ರ ಹೇಳಲಿಲ್ಲ. ಒಂದು ವರ್ಷ!”

ಅವರು ಕನ್ನಡಕ ತೆಗೆದು ಒರೆಸಿದರು. “ಧೈರ್ಯ ಬರ್ಲಿಲ್ಲ ಮೇಡಂ. ನೀವು ಗಿರಾಕಿ. ಹೇಳಿದ್ಮೇಲೆ ಕೆಲ್ಸ ಕೊಡ್ತೀರೋ ಇಲ್ವೋ. ಸಹಿ ಹಾಕ್ದೇ ಇದ್ರೆ ಸಾಕು, ದೇವರಿಗೆ ಗೊತ್ತಾಗುತ್ತೆ ಅಂದ್ಕೊಂಡೆ.”

ಈ ಮಾತನ್ನು ನಾನು ಪೂರ್ತಿ ನಂಬಲಿಲ್ಲ. ಈ ಪ್ರಿಂಟನ್ನು ನನ್ನ ಕುತ್ತಿಗೆಗೆ ಕಟ್ಟಲೆಂದೇ ಜೋಪಾನ ಮಾಡಿಟ್ಟಿರಬಹುದು, ಈಗ ಸಾಧುವಿನ ಮುಖ ಹಾಕಿರಬಹುದು ಎಂದುಕೊಂಡೆ. ಆದರೂ ಒಳಗೆ ಒಂದು ನಿರಾಳವಿತ್ತು. ಭಾನುವಾರ ಕೆಲಸವೇ ಇಲ್ಲದ ಮೇಲೆ ಆ ಅಂಕಿ ಯಾರಿಗೂ ತೊಂದರೆ ಮಾಡುವುದಿಲ್ಲ. ಪೋರ್ಟಲ್ಲಿನ ದೋಷ ಎಂದು ಒಂದು ಸಾಲು ಬರೆದು ಮುಗಿಸಬಹುದು. ಹಾಗೆ ಮುಗಿಸುವ ಲೆಕ್ಕದಲ್ಲೇ, ಜೆರಾಕ್ಸ್ ಮಾಡಲು ಬ್ಯಾಚ್ ಕಾರ್ಡುಗಳ ಕಟ್ಟು ತೆಗೆದುಕೊಂಡೆ.

ಒಂದೊಂದು ಬ್ಯಾಚ್ ಪಿನ್ನಿಗೂ ಒಂದು ಕಾರ್ಡು. ಎಣ್ಣೆಗೆ ಇಳಿಸಿದ್ದು ಯಾವಾಗ, ಟೆಂಪರಿಂಗ್ ಯಾವಾಗ, ಎರಡನ್ನೂ ಅದರಲ್ಲಿ ಬರೆದಿರುತ್ತಾರೆ. ಕಟ್ಟಿನ ನಡುವೆ ಒಂದು ಕಾರ್ಡಿನ ತಾರೀಖು ಮೂರು ವಾರದ ಹಿಂದಿನ ಭಾನುವಾರದ್ದು. ಬೆಳಿಗ್ಗೆ ಎಂಟಕ್ಕೆ ಎಣ್ಣೆ, ಒಂಬತ್ತಕ್ಕೆ ಟೆಂಪರಿಂಗ್. ಬೀಗ ಹಾಕಿದ ಶಾಪಿನಲ್ಲಿ, ಆರಿದ ಕುಲುಮೆಯಲ್ಲಿ, ಎರಡು ಸಾವಿರದ ನಾನೂರು ಪಿನ್ನು!

“ಇದಕ್ಕೂ ನಾನೇ ಹೇಳಿದ್ನಾ?” ಎಂದು ಕಾರ್ಡನ್ನು ಸೂಪರ್‌ವೈಸರ್ ಮುಂದೆ ಹಿಡಿದೆ.

ಅವರು ಪಕ್ಕದ ಡಬ್ಬದ ಮೇಲೆ ಕೂತುಬಿಟ್ಟರು. ಮಾಲೀಕರೂ ಎದ್ದು ಬಂದು ಹಿಂದೆ ನಿಂತಿದ್ದರು.

“ಶನಿವಾರ ಸಾಯಂಕಾಲ ಎಣ್ಣೆಗೆ ಇಳಿಸಿದ್ವಿ ಮೇಡಂ. ಇಳಿಸಿದ್ದೇ ಕರೆಂಟ್ ಹೋಯ್ತು. ಆ ಕುಲುಮೆನ ನಮ್ಮ ಜನರೇಟರ್ ಎಳೆಯಲ್ಲ. ಕಾದ್ವಿ, ಬರ್ಲೇ ಇಲ್ಲ. ಸೋಮವಾರ ಬಂದು ಟೆಂಪರಿಂಗ್ ಮಾಡಿದ್ವಿ. ಇದ್ದಿದ್ದು ಇದ್ದಂಗೆ ಬರೆದ್ರೆ ನೀವು ಇಡೀ ಬ್ಯಾಚ್ ಬಿಸಾಕಿ ಅಂತೀರಿ. ಸೋಮವಾರದ ಎಣ್ಣೆ ಲೆಕ್ಕದಲ್ಲಿ ಬೇರೆ ಬ್ಯಾಚ್ ಇತ್ತು. ಹೆಂಗೂ ಭಾನುವಾರದ ಶಾಖ ರಿಜಿಸ್ಟರಲ್ಲಿ ಇರುತ್ತಲ್ಲ, ಅದಕ್ಕೆ ಹೊಂದಿಸಿ ಬರೆದೆ.”

ಎರಡು ಗಂಟೆಯೊಳಗೆ ಆಗಬೇಕಾದದ್ದು ಒಂದೂವರೆ ದಿನ ತಡವಾಗಿತ್ತು. ಪೆಡಸು ಪಿನ್ನುಗಳು ಅಷ್ಟು ಹೊತ್ತು ಹಾಗೇ ಬಿದ್ದಿದ್ದವು. ಅದನ್ನು ಬಚ್ಚಿಡಲು ಜಾಗ ಬೇಕಾಗಿತ್ತು, ಆ ಜಾಗವನ್ನು ನಾನು ವರ್ಷದ ಹಿಂದೆಯೇ ಮಾಡಿಕೊಟ್ಟಿದ್ದೆ.

ಮಾಲೀಕರ ಮುಖ ಕಪ್ಪಿಟ್ಟಿತು. “ನಂಗೆ ಯಾಕೋ ಹೇಳ್ಲಿಲ್ಲ?” ಎಂದು ಸೂಪರ್‌ವೈಸರನ್ನು ಕೇಳಿದರು.  ಆಮೇಲೆ ಮಾಲೀಕರು ನನ್ನ ಕಡೆ ತಿರುಗಿ, “ಗಟ್ಟಿತನ ಸರಿ ಬಂದಿದೆಯಲ್ಲ ಮೇಡಂ, ಕಾರ್ಡಲ್ಲಿದೆ ನೋಡಿ,” ಎಂದರು. ಗಟ್ಟಿತನದ ಯಂತ್ರಕ್ಕೆ ಬಿರುಕು ಗೊತ್ತಾಗುವುದಿಲ್ಲ ಎಂದು ನಲವತ್ತು ವರ್ಷ ಕುಲುಮೆಯ ಮುಂದೆ ನಿಂತವರಿಗೆ ನಾನು ಹೇಳಬೇಕೇ? ಗೋಡೆಯ ಮೇಲಿನ ವಾಕ್ಯ ಎಷ್ಟು ಬೇಗ ಜಾರಿತು ಎಂದು ನಾನು ಒಳಗೇ ಕುಹಕವಾಡಿದೆ. ಆದರೆ ಸ್ವಲ್ಪ ಹೊತ್ತಿಗೆ ಅವರೇ ಹಾಳೆ ತೆಗೆದುಕೊಂಡು, ಬ್ಯಾಚ್ ನಂಬರು, ನಡೆದದ್ದು, ಎಲ್ಲವನ್ನೂ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟರು.  ಪ್ರಿಂಟಿನ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಅದನ್ನು ಯಾಕೆ ಬಿಟ್ಟರು, ದೊಡ್ಡತನವೋ, ನನ್ನನ್ನು ಋಣದಲ್ಲಿ ಇಟ್ಟುಕೊಳ್ಳುವ ಉಪಾಯವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ನರಸಾಪುರದ ಸ್ಟೋರಿನಲ್ಲಿ ಆ ಬ್ಯಾಚಿನ ಒಂಬೈನೂರು ಪಿನ್ನು ಉಳಿದಿದ್ದವು. ಒಂದೊಂದನ್ನೂ ಅಯಸ್ಕಾಂತದ ಪುಡಿ ಬೆರೆಸಿದ ದ್ರವದಲ್ಲಿ ನೆನೆಸಿ, ಕತ್ತಲು ಪೆಟ್ಟಿಗೆಯೊಳಗೆ ನೀಲಿ ದೀಪದ ಕೆಳಗೆ ತಿರುಗಿಸಿ ನೋಡಬೇಕು. ಬಿರುಕಿದ್ದರೆ ಹಸಿರು ಗೆರೆ ಹೊಳೆಯುತ್ತದೆ. ಎರಡು ದಿನ ನಾನೂ ಜೊತೆಗೆ ಕೂತೆ. ಮೊದಲ ದಿನ ಒಂದೂ ಸಿಗಲಿಲ್ಲ. ಸಿಗದೇ ಇರಲಿ ಎಂದು ಮನೆದೇವರು ಗಂಗಮ್ಮನಿಗೆ ಹರಕೆ ಹೊತ್ತೆ. ಎರಡನೆಯ ದಿನ ಮೂರು ಸಿಕ್ಕವು. ಕೂದಲಿಗಿಂತ ಸಣ್ಣ ಗೆರೆ.  ಉಳಿದ ಪಿನ್ನುಗಳು ಪೆಡಲಿನೊಳಗೆ ಸೇರಿ ಹೋಗಿದ್ದವು. ಲೈನು ನಿಲ್ಲಿಸಿದರು, ಗೋದಾಮಿನಲ್ಲಿದ್ದ ಪೆಡಲುಗಳನ್ನು ಬಿಚ್ಚಿದರು, ಕಳಿಸಿದ್ದನ್ನು ವಾಪಸ್ ತರಿಸಿದರು. ಒಂದೂ ರಸ್ತೆಗೆ ಇಳಿದಿರಲಿಲ್ಲ ಎಂದು ಖಾತ್ರಿಯಾಗುವವರೆಗೆ ನನಗೆ ಅನ್ನ ಇಳಿಯಲಿಲ್ಲ.

ವರದಿ ಬರೆದೆ. ಮೂಲ ಕಾರಣ ಎಂಬ ಅಂಕಣದಲ್ಲಿ ಮೊದಲು ಸೂಪರ್‌ವೈಸರ್ ಮಾಡಿದ್ದನ್ನು ಬರೆದೆ. ಆಮೇಲೆ ಪೋರ್ಟಲ್ ಖಾಲಿ ಜಾಗ ಒಪ್ಪದಿರುವುದು, ನಾನು ಕೊಟ್ಟ ಸೂಚನೆ, ಅದರ ಪ್ರಿಂಟು. ಮ್ಯಾನೇಜರು ಬಾಗಿಲು ಹಾಕಿಕೊಂಡು ಕೂರಿಸಿಕೊಂಡರು.

“ಇದನ್ನ ತೆಗೀರಿ.”

“ನಿಜ ಅಲ್ವಾ ಸಾರ್?”

“ನಿಜ. ಆದ್ರೆ ನೀವು ಪಿನ್ನು ಲೇಟಾಗಿ ಕಾಯ್ಸಿ ಅಂದ್ರಾ? ಇಲ್ವಲ್ಲ. ಸಪ್ಲೈಯರ್ ತಪ್ಪು ಅಂತ ಕ್ಲೋಸ್ ಮಾಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಇದು ಮೇಲಿನವರಿಗೆ ಹೋದ್ರೆ ಉಳಿದ ಸಪ್ಲೈಯರ್‌ಗಳ ಭಾನುವಾರಾನೂ ಕೆದಕ್ತಾರೆ.”

ಉಳಿದವರ ಭಾನುವಾರ! ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಆ ಉತ್ತರವನ್ನು ನಾನು ಇನ್ನೂ ಎಷ್ಟು ಜನಕ್ಕೆ ಕೊಟ್ಟಿದ್ದೆನೋ. ಅವರೆಲ್ಲ ಹದಿನೇಳನೆಯ ಕಲಮಿಗೆ ಸೀಲು ಒತ್ತಿ ಕಳಿಸಿದ್ದರು. ಪುಸ್ತಕದ ಪ್ರಕಾರ ಅವರೆಲ್ಲ ಶುದ್ಧ, ಮಾಲೂರಿನ ಮುದುಕ ಒಬ್ಬನೇ ಅನುಮಾನಾಸ್ಪದ. ಮೊಬೈಲು ತೆಗೆದು ಹಳೆಯ ಸಂದೇಶಗಳಲ್ಲಿ ಹುಡುಕಿದೆ. ಇನ್ನೂ ಏಳು ಶಾಪುಗಳಿಗೆ ಅದೇ ಉತ್ತರ, ಅದೇ ಹೆಬ್ಬೆರಳು. ಆ ಏಳನ್ನೂ ವರದಿಗೆ ಸೇರಿಸಿ, ಮ್ಯಾನೇಜರ ಮೇಲಿನವರಿಗೂ ಒಂದು ಪ್ರತಿ ಹಾಕಿ ಕಳಿಸಿಬಿಟ್ಟೆ. ಕಳಿಸಿದ ಮೇಲೆ ಕ್ಯಾಂಟೀನಿಗೆ ಹೋಗಿ ಕೂತೆ.

ಹೋಲಿಕೆಯ ಕೋಷ್ಟಕ ಇನ್ನೂ ಬಾಕಿ ಇತ್ತು. ಅದನ್ನು ತುಂಬುವಾಗ ಎರಡೂ ಕಡೆ ನನಗೆ ಸಿಟ್ಟು ಬಂತು. ನಮ್ಮ ಪುಸ್ತಕ ಯಾರನ್ನೂ ನಂಬುವುದಿಲ್ಲ, ಅದು ಒಳ್ಳೆಯದೇ. ಪರೀಕ್ಷೆ ಮಾಡುತ್ತದೆ, ದೂರಲು ದಾರಿ ಕೊಡುತ್ತದೆ, ಯಾವ ದೇವರ ಒಕ್ಕಲು ಎಂದು ಕೇಳುವುದಿಲ್ಲ. ಆದರೆ ತಾನೇ ತಪ್ಪು ಮಾಡಿರಬಹುದು ಎಂದು ಅದರ ಮೂವತ್ತೆಂಟು ಪುಟದಲ್ಲಿ ಎಲ್ಲೂ ಇಲ್ಲ. ಅವರ ಹಾಳೆಯಲ್ಲಿ ಅದೇ ಮುಖ್ಯ. ಕೇಳುವ ಮುಂಚೆ ಹೋಗಿ ಹೇಳು ಎನ್ನುತ್ತದೆ. ಆದರೆ ಹೋಗದೆ ಒಂದು ವರ್ಷ ಕೂತರೆ ಕೇಳುವವರು ಯಾರೂ ಇಲ್ಲ. ಕೊನೆಯ ಅಂಕಣದಲ್ಲಿ ‘ಸಮಾನವಲ್ಲ’ ಎಂದು ಬರೆದೆ. ಯಾವುದು ಹೆಚ್ಚು, ಯಾವುದು ಕಮ್ಮಿ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

ತೀರ್ಮಾನ ಬಂತು. ಏಳು ಶಾಪುಗಳಿಗೆ ಎಚ್ಚರಿಕೆ, ಪೋರ್ಟಲ್ಲಿನಲ್ಲಿ ರಜೆ ಎಂದು ಬರೆಯಲು ಹೊಸ ಗುಂಡಿ. ನನ್ನನ್ನು ಸಪ್ಲೈಯರ್ ಆಡಿಟ್ಟಿನಿಂದ ತೆಗೆದು ಸ್ಟೋರಿನ ತಪಾಸಣೆಗೆ ಹಾಕಿದರು. ಮಾಲೂರಿನ ಶಾಪಿಗೆ ಮೂರು ತಿಂಗಳು ಆರ್ಡರ್ ನಿಲುಗಡೆ, ಆಮೇಲೆ ಮರುಪರಿಶೀಲನೆ. ಬೇರೆ ಗಿರಾಕಿ ಇಲ್ಲದ ಶಾಪಿಗೆ ಮೂರು ತಿಂಗಳೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಪತ್ರವನ್ನು ಮೇಲ್‌ನಲ್ಲಿ ಕಳಿಸಿದರೆ ಸಾಕಿತ್ತು. ಅದು ನನ್ನ ಹಳೆಯ ಹುದ್ದೆಯ ಕೊನೆಯ ಕೆಲಸ, ಕೈಯಲ್ಲೇ ಕೊಟ್ಟುಬರುತ್ತೇನೆ ಎಂದು ಹೊರಟೆ.

ಮಾಲೀಕರು ಪತ್ರ ಓದಿ ಮಡಿಚಿದರು. 

“ಮೇಡಂ, ಒಂದು ಕೇಳ್ತೀನಿ. ನಾನೂ ಎಲ್ಲರ ಹಂಗೆ ಆ ಪುಸ್ತಕಕ್ಕೆ ಸೀಲು ಹಾಕಿ ಕಳ್ಸಿದ್ದಿದ್ರೆ, ನೀವಿಲ್ಲಿಗೆ ರಿಜಿಸ್ಟರು ನೋಡೋಕೆ ಬರ್ತಾನೇ ಇರ್ಲಿಲ್ಲ ಅಲ್ವಾ?”

“ಇಲ್ಲ ಸಾರ್.”

“ನನ್ನ ಇಪ್ಪತ್ತೆರಡು ಜನ ನಾಳೆ ಕೆಲ್ಸಕ್ಕೆ ಬರ್ತಿದ್ರು.”

ಇವತ್ತಲ್ಲದಿದ್ದರೆ ನಾಳೆ ಗೊತ್ತಾಗುತ್ತಿತ್ತು, ಸತ್ಯಕ್ಕೆ ಸಾವಿಲ್ಲ, ಇಂಥ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಯಾವುದೂ ನಿಜವೆಂದು ನನಗೆ ಖಾತ್ರಿಯಿರಲಿಲ್ಲ.

“ಬರ್ತಿದ್ರು ಸಾರ್,” ಎಂದೆ.

ಅವರು ತಲೆಯಾಡಿಸಿ ಹೊರಗೆ ಹೋದರು. ಕೆಲಸಗಾರರೆಲ್ಲ ಆಗಲೇ ಕುಲುಮೆಯ ಮುಂದೆ ಸೇರಿದ್ದರು, ನನ್ನ ಸ್ಕೂಟರು ನೋಡಿಯೇ ಅರ್ಥ ಮಾಡಿಕೊಂಡಿರಬೇಕು. “ಮೂರು ತಿಂಗಳು ಕೆಲ್ಸ ಇಲ್ಲ. ಸುಳ್ಳು ಬರೆದಿದ್ದು ಗೊತ್ತಿದ್ದೂ ನಾನು ಸುಮ್ನಿದ್ದೆ, ತಪ್ಪು ನಂದು,” ಎಂದು ಮಾಲೀಕರು ಹೇಳಿದರು. ಸೂಪರ್‌ವೈಸರ್ ಹೆಸರನ್ನೂ ಎತ್ತಲಿಲ್ಲ, ನನ್ನದನ್ನೂ ಎತ್ತಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅವರು ಹೇಳಲಿ ಎಂದು ಕಾದೆ. ಹೇಳಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು, ಆಮೇಲೆ ಸ್ಕೂಟರು ಹತ್ತಿ ಹೋಗಬಹುದಿತ್ತು. ಅವರು ಹೇಳಲಿಲ್ಲ. ಕೊನೆಗೆ ನಾನೇ ಇಳಿದು ಅವರ ನಡುವೆ ಹೋಗಿ ನಿಂತೆ.

“ಭಾನುವಾರದ ಜಾಗ ಖಾಲಿ ಬಿಡಬೇಡಿ, ಶನಿವಾರದ್ದೇ ಹಾಕಿ ಅಂತ ಹೇಳಿದ್ದು ನಾನು,” ಎಂದೆ.  “ಇದೆಲ್ಲ ಅಲ್ಲಿಂದಾನೇ ಶುರುವಾಗಿದ್ದು.”

 ಗಟ್ಟಿತನದ ಯಂತ್ರದ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಮುಖವನ್ನೇ ನೋಡಿದಳು.

“ಅದು ನಮ್ಗೆಲ್ಲಾ ಅವತ್ತಿಂದಾನೇ ಗೊತ್ತು ಮೇಡಂ,” ಎಂದಳು. “ನೀವು ಬಂದಾಗೆಲ್ಲಾ, ಇವತ್ತಾದ್ರೂ ಆ ಭಾನುವಾರದ್ದು ಕೇಳ್ತಾರಾ ಅಂತ ನೋಡ್ತಿದ್ವಿ.”